ಗಿನಿಪಿಗ್ ಭ್ರೂಣಪೊರೆಯ ಸ್ಲೈಡ್ ಪೆಟ್ಟಿಗೆ: 4ನೇ ನಂಬರ್ ನೋಡಿಯೇ ಕೊಳ್ಳಿ

ಬೆಳಗಾವಿಯ ಲ್ಯಾಬ್ ಸಾಮಾನಿನ ಅಂಗಡಿಯೊಂದು ಪ್ರಾಣಿಶಾಸ್ತ್ರ ವಿಭಾಗಗಳಿಗೆ ಮಾರುತ್ತಿರುವ 12 ಸ್ಲೈಡುಗಳ ಪೆಟ್ಟಿಗೆ ಇದು. ಕಾಲೇಜುಗಳಲ್ಲಿ ಪ್ರಾಣಿ ಕೊಯ್ಯುವುದು ನಿಂತ ಮೇಲೆ ಭ್ರೂಣಶಾಸ್ತ್ರದ ಪ್ರಾಕ್ಟಿಕಲ್ ನಡೆಯುವುದೇ ಇಂಥ ಪೆಟ್ಟಿಗೆಗಳಿಂದ. ಚೀಟಿ ತಪ್ಪಿದರೆ ಇಡೀ ಬ್ಯಾಚ್ ತಪ್ಪು ಕಲಿಯುತ್ತದೆ.

ಇದರಲ್ಲಿ ತಪ್ಪಿದೆ. 4ನೇ ಸ್ಲೈಡಿನ ಮೇಲೆ ‘ಗಿನಿಪಿಗ್, ಯೋಕ್ ಸ್ಯಾಕ್’ (ಭ್ರೂಣದ ಹಳದಿ ಚೀಲ) ಎಂದಿದೆ. ಸೂಕ್ಷ್ಮದರ್ಶಕದಡಿ 10 ಎಕ್ಸ್‌ನಲ್ಲಿ ಇಟ್ಟರೆ ಯೋಕ್ ಸ್ಯಾಕಿನ ಹೊರಗೆ ದಪ್ಪನೆಯ ನಸುಗೆಂಪು ಗೆರೆ, ಅದರ ಒಳಮಗ್ಗುಲಿಗೆ ಅಂಟಿದ ಬಿಡಿಬಿಡಿ ಕೋಶಗಳು ಕಾಣುತ್ತವೆ. ಅದು ಯೋಕ್ ಸ್ಯಾಕಿನ ಹೊರಗೋಡೆಯಲ್ಲಿರುವ ರೈಕರ್ಟ್ ಪೊರೆ. ಬಿಳಿ ಇಲಿ, ಸುಂಡಿಲಿಗಳಲ್ಲಿ ಬಸಿರಿನ ಬಹುಪಾಲು ಅದು ಇರುತ್ತದೆ. ಗಿನಿಪಿಗ್‌ನಲ್ಲಿ ಯೋಕ್ ಸ್ಯಾಕಿನ ಹೊರಗೋಡೆಯೇ ಬೆಳೆಯದು, ಹಾಗಾಗಿ ಆ ಪೊರೆಯೂ ಇಲ್ಲ. ಉಳಿದ ಗೋಡೆ ದಿಂಬಿನ ಗವಸು ತಿರುವಿದ ಹಾಗೆ ಒಳಪದರವಾದ ಎಂಡೋಡರ್ಮನ್ನು ಹೊರಗೆ ಮಾಡಿಕೊಂಡು ನೇರ ಗರ್ಭಕೋಶದ ಕಡೆ ಮುಖ ಮಾಡುತ್ತದೆ. ತಾಯಿಯ ಪ್ರತಿಕಾಯಗಳು ಹುಟ್ಟುವ ಮೊದಲೇ ಮರಿಗೆ ದಾಟುವುದು ಇಲ್ಲಿಂದ. 1852ರಲ್ಲೇ ಜರ್ಮನ್ ಭ್ರೂಣಶಾಸ್ತ್ರಜ್ಞ ಬಿಷಾಫ್ ವಿವರಿಸಿದ ತಿರುವು ಇದು. ಅದನ್ನು ಕಲಿಸಬೇಕಾದ ಸ್ಲೈಡಿನಲ್ಲಿ ಇಲಿಯ ಕಟಿಂಗ್ (ಕೊಯ್ದ ತೆಳು ಪದರ) ಬಂದಿರುವುದು ಸಣ್ಣ ಮಾತಲ್ಲ.

7ನೇ ಸ್ಲೈಡ್ ಮಾತ್ರ ಭಾಳ ಚಲೋ ಇದೆ. ಜರಾಯುವಿನ (ಮಾಸಿನ) ಹಾಲೆಗಳು, ನಡುನಡುವೆ ಭ್ರೂಣದ ಕಡೆಯ ಹೊರಕೋಶಗಳಾದ ಟ್ರೋಫೋಬ್ಲಾಸ್ಟ್ ಪಟ್ಟಿಗಳು, ಬುಡದಲ್ಲಿ ಮಡಿಕೆ ಮಡಿಕೆಯಾದ ಉಪಜರಾಯು (ಸಬ್‌ಪ್ಲಾಸೆಂಟಾ) ಎಲ್ಲವೂ ಒಂದೇ ನೋಟಕ್ಕೆ ಸಿಗುತ್ತವೆ. ಗಿನಿಪಿಗ್, ಚಿಂಚಿಲ್ಲಾ, ಡೇಗು ಎಂಬ ದಂಶಕಗಳ ಬಳಗದ ಗುರುತೇ ಈ ಉಪಜರಾಯು. ಇಲಿಯಲ್ಲಿ ಹುಡುಕಿದರೂ ಸಿಗದು. 40 ಎಕ್ಸ್‌ಗೆ ಹೋದರೆ ತಾಯಿಯ ರಕ್ತಕ್ಕೂ ಮರಿಯ ಲೋಮನಾಳಕ್ಕೂ ನಡುವೆ ಟ್ರೋಫೋಬ್ಲಾಸ್ಟಿನ ಒಂದೇ ಪದರ. ಇಲಿಯಲ್ಲಿ ಮೂರು. ಪದರ ಎಣಿಸಬೇಕಾದರೆ ಕಟಿಂಗ್ 5–6 ಮೈಕ್ರಾನ್ ಮೀರಬಾರದು. 9 ಮತ್ತು 11ನೇ ಸ್ಲೈಡುಗಳನ್ನು ದಪ್ಪಗೆ ಕೊಯ್ದಿದ್ದಾರೆ, ಕೋಶಕೇಂದ್ರಗಳು ಒಂದರ ಮೇಲೊಂದು ಬಿದ್ದು ಎಣಿಕೆ ಆಗದು.

ಎರಡು ಸ್ಲೈಡುಗಳ ಅಂಚಿನಲ್ಲಿ ಗಾಳಿಗುಳ್ಳೆ ಇದೆ. ಇದನ್ನು ಸರಿಮಾಡಬಹುದು: ಕವರ್‌ಸ್ಲಿಪ್ ತಾನಾಗಿ ಜಾರುವ ತನಕ ಅಂಟು ಕರಗಿಸುವ ಕ್ಸೈಲೀನ್‌ನಲ್ಲಿ ಬಿಡಿ, ಒಂದೆರಡು ದಿನ ಹಿಡಿದರೂ ಎಳೆಯಬೇಡಿ, ಎಳೆದರೆ ಕಟಿಂಗೇ ಹರಿಯುತ್ತದೆ. ಹೊಸ ಕ್ಸೈಲೀನ್‌ನಲ್ಲಿ ಅದ್ದಿ, ಒಣಗುವ ಮೊದಲೇ ಡಿಪಿಎಕ್ಸ್ ಅಂಟು ಹನಿಸಿ ಮುಚ್ಚಿ, ಅಡ್ಡ ಮಲಗಿಸಿ ಒಣಗಿಸಿ. ವಿಜಯಪುರದ ಬಿಸಿಲು ಬೀಳುವ ಕಿಟಕಿ ಬಳಿ ಪೆಟ್ಟಿಗೆ ಇಡಬೇಡಿ, ಇಯೋಸಿನ್ ಎಂಬ ನಸುಗೆಂಪು ಬಣ್ಣ ಹೋಗುತ್ತದೆ.

ಚೀಟಿಗಳಲ್ಲಿ ಬಸಿರಿನ ದಿನ ಬರೆದಿಲ್ಲ. ಗಿನಿಪಿಗ್ ಬಸಿರು ಸುಮಾರು 65 ದಿನ, ಉಪಜರಾಯು ಕೊನೆಕೊನೆಗೆ ಕರಗುತ್ತದೆ. ದಿನ ಗೊತ್ತಿಲ್ಲದೆ ಅದನ್ನು ಓದುವುದು ಕಷ್ಟ. 4ನೆಯದನ್ನು ಬದಲಿಸಿ, ದಿನ ಬರೆದು ಕೊಟ್ಟರೆ ಮಾತ್ರ ಬಿಲ್ ಪಾಸ್ ಮಾಡಿ.