ಬಂಪರ್ ಬಿಚ್ಚದೆ ಬಿರುಕು ಮುಚ್ಚಿಸಬೇಡಿ

ಕಾರಿನ ಬಂಪರ್ ಬಿರುಕು ಬಿಟ್ಟಾಗ ಅದನ್ನು ಗಾಡಿಯಿಂದ ಬಿಚ್ಚದೆ, ಹೊರಗಿನಿಂದಲೇ ಅಂಟು ಹಾಕಿ, ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಬೆಂಗಳೂರಿನಲ್ಲಿ ಈಗ ಮನೆಯ ಬಾಗಿಲಿಗೇ ಬಂದು ಈ ಕೆಲಸ ಮಾಡಿಕೊಡುವವರಿದ್ದಾರೆ. ಅದೇ ಸಾಮಗ್ರಿಯನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡು ರಜೆಯ ದಿನ ತಾವೇ ಮಾಡಿಕೊಳ್ಳುವವರೂ ಇದ್ದಾರೆ. ನಮ್ಮ ಕಾರಿನ ಹಿಂಬದಿಯ ಬಂಪರಿಗೆ ಆದದ್ದು ಮೊದಲ ಬಗೆಯ ಉಪಚಾರ. ಆದರೆ ಅದು ಕೆಟ್ಟುಹೋದ ಕಾರಣಗಳು ಎರಡು ಬಗೆಗೂ ಒಂದೇ ಆಗಿರುವುದರಿಂದ, ಇಬ್ಬರನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಒಂದು ಆಟೊ ಬಂದು ತಗುಲಿ, ಬಂಪರಿನ ಎಡಮೂಲೆಯಲ್ಲಿ ಚಕ್ರದ ಕಮಾನಿನ ಅಂಚಿನಿಂದ ಗೇಣುದ್ದದ ಬಿರುಕು ಬಿದ್ದಿತ್ತು. ಬಿರುಕಿನ ಎರಡು ತುಟಿಗಳು ಒಂದೇ ಮಟ್ಟದಲ್ಲಿರಲಿಲ್ಲ, ಒಂದು ತುಸು ಮುಂದಕ್ಕೆ ಚಾಚಿತ್ತು. ಇದು ಮುಖ್ಯವಾದ ಗುರುತು, ಮುಂದೆ ಹೇಳುತ್ತೇನೆ. ದುರಸ್ತಿಗೆ ಬಂದವರನ್ನು ಬಂಪರ್ ಬಿಚ್ಚುವುದಿಲ್ಲವೇ ಎಂದು ಕೇಳಿದಾಗ, “ಬಿಚ್ಚಿದ್ರೆ ಕ್ಲಿಪ್ಪುಗಳು ಮುರಿಯುತ್ತೆ ಸಾರ್, ಹಾಗೇ ಮಾಡೋದೇ ಸೇಫು” ಎಂದರು. ಕ್ಲಿಪ್ಪುಗಳು ಮುರಿಯುವುದು ನಿಜ. ಆದರೆ ಅವು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಬಿಡಿಬಿಡಿಯಾಗಿ ಸಿಗುವ ವಸ್ತು. ಅವನ್ನು ಉಳಿಸುವ ನೆಪದಲ್ಲಿ ಬಂಪರನ್ನು ಬಿಚ್ಚದಿರುವುದು ಕೆಲಸಗಾರನ ಸಮಯವನ್ನು ಉಳಿಸುತ್ತದೆಯೇ ಹೊರತು ಕಾರನ್ನಲ್ಲ.

ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ನಡೆದ ಕೆಲಸದ ಕ್ರಮ ಹೀಗಿತ್ತು. ತುಟಿಗಳನ್ನು ಒತ್ತಿ ಹಿಡಿದು ಬಿರುಕಿನೊಳಗೆ ಅಡುಗೆ ಸೋಡಾ ತುಂಬಿದರು, ಅದರ ಮೇಲೆ ಕ್ಷಣದಲ್ಲಿ ಹಿಡಿಯುವ ತ್ವರಿತ ಅಂಟನ್ನು ಹನಿಸಿದರು. ಬಳಿಕ ಬಿಸಿ ಪಿನ್ನು ಹೊಡೆಯುವ ಗನ್ನಿನಿಂದ ಡೊಂಕುಡೊಂಕಾದ ತಂತಿಯ ಪಿನ್ನುಗಳನ್ನು ಕೆಂಪಗೆ ಕಾಯಿಸಿ, ಹೊರಮೈಯಿಂದಲೇ ಬಿರುಕಿಗೆ ಅಡ್ಡಲಾಗಿ ಇಳಿಸಿದರು. ಮೇಲೆ ಉಳಿದ ಕಾಲುಗಳನ್ನು ಕತ್ತರಿಸಿ, ತಗಡಿನ ಕೆಲಸಕ್ಕೆ ಬಳಸುವ ಪುಟ್ಟಿಯನ್ನು ಬಳಿದು, ಎಮರಿ ಪೇಪರಿನಲ್ಲಿ ಉಜ್ಜಿ, ಡಬ್ಬಿಯ ಸ್ಪ್ರೇಯಿಂದ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪದರ) ಮತ್ತು ಬಣ್ಣ ಹೊಡೆದರು. ಅಂದು ಅದು ಚೆನ್ನಾಗಿಯೇ ಕಾಣುತ್ತಿತ್ತು. ಈ ಕೆಲಸದ ಅಪಾಯವಿರುವುದು ಅಲ್ಲಿಯೇ: ಹಣ ಕೊಡುವ ಹೊತ್ತಿನಲ್ಲಿ ಅದು ಯಾವಾಗಲೂ ಚೆನ್ನಾಗಿ ಕಾಣುತ್ತದೆ.

ಕೆಲವು ವಾರಗಳ ನಂತರ ವಾಟರ್ ಸರ್ವಿಸ್‌ಗೆ ಬಿಟ್ಟಾಗ, ಒತ್ತಡದ ನೀರು ತಗುಲಿದಲ್ಲಿ ಬಣ್ಣವೂ ಪುಟ್ಟಿಯೂ ಸೇರಿ ಹಪ್ಪಳದಂತೆ ಎದ್ದು ಬಂದವು. ಅದರ ಕೆಳಗೆ ಬಿರುಕು ಮೊದಲಿಗಿಂತ ಉದ್ದವಾಗಿತ್ತು. ರಿವರ್ಸ್ ಗೇರಿಗೆ ಹಾಕಿದರೆ ಹಿಂದೆ ಏನೂ ಇಲ್ಲದಿದ್ದರೂ ಪಾರ್ಕಿಂಗ್ ಸೆನ್ಸರ್ ಎಡೆಬಿಡದೆ ಕೂಗತೊಡಗಿತು. ಆಗ ಗ್ಯಾರೇಜಿನಲ್ಲಿ ಬಂಪರ್ ಬಿಚ್ಚಿಸಿ ನೋಡಿದೆವು.

ಮೊದಲು ಕಣ್ಣಿಗೆ ಬಿದ್ದದ್ದು ಒಳಮೈಯಲ್ಲಿ ಅಚ್ಚೊತ್ತಿದ್ದ ಗುರುತು. ಪ್ಲಾಸ್ಟಿಕ್ ಭಾಗಗಳ ಹಿಂಬದಿಯಲ್ಲಿ ಎರಡು ಕೋನಚಿಹ್ನೆಗಳ ನಡುವೆ ಅದು ಯಾವ ಪ್ಲಾಸ್ಟಿಕ್ ಎಂಬುದನ್ನು ಅಕ್ಷರಗಳಲ್ಲಿ ಬರೆದಿರುತ್ತಾರೆ. ನಮ್ಮದರಲ್ಲಿ ‘ಪಿಪಿ+ಇಪಿಡಿಎಂ-ಟಿಡಿ20’ ಎಂದಿತ್ತು. ಅಂದರೆ ಪಾಲಿಪ್ರೊಪಿಲೀನಿಗೆ ಇಪಿಡಿಎಂ ಎಂಬ ರಬ್ಬರನ್ನು ಬೆರೆಸಿ, ಶೇ 20ರಷ್ಟು ಟಾಲ್ಕ್ ಪುಡಿಯನ್ನು ಸೇರಿಸಿದ ಮಿಶ್ರಣ. ಈಗಿನ ಬಹುಪಾಲು ಕಾರುಗಳ ಬಂಪರ್ ಹೊದಿಕೆಗಳು ಈ ಕುಟುಂಬಕ್ಕೇ ಸೇರಿದವು. ತಟ್ಟಿದರೆ ಬಾಗಿ ಮತ್ತೆ ಮೊದಲಿನ ರೂಪಕ್ಕೆ ಬರಲಿ ಎಂಬ ಕಾರಣಕ್ಕೇ ಇದನ್ನು ಆರಿಸಿರುತ್ತಾರೆ. ತೊಂದರೆಯೆಂದರೆ, ಪಾಲಿಪ್ರೊಪಿಲೀನ್ ಯಾವುದನ್ನೂ ಸುಲಭವಾಗಿ ಅಂಟಿಸಿಕೊಳ್ಳುವ ವಸ್ತುವಲ್ಲ. ಅದರ ಮೇಲ್ಮೈ ಶಕ್ತಿ, ಅಂದರೆ ಅಂಟಿನಂಥ ದ್ರವವನ್ನು ತನ್ನ ಮೇಲೆ ಹರಡಿಸಿಕೊಳ್ಳುವ ಗುಣ, ಮೀಟರಿಗೆ ಸುಮಾರು 30 ಮಿಲಿನ್ಯೂಟನ್ ಮಾತ್ರ. ಇಂಥ ಮೈಯ ಮೇಲೆ ತ್ವರಿತ ಅಂಟಾಗಲಿ ಸಾಮಾನ್ಯ ಎಪಾಕ್ಸಿಯಾಗಲಿ ಸರಿಯಾಗಿ ಹರಡಿ ಹಿಡಿಯುವುದಿಲ್ಲ. ಪಾಲಿಪ್ರೊಪಿಲೀನಿಗೆಂದೇ ತಯಾರಿಸಿದ ಪ್ರೈಮರನ್ನು ಮೊದಲು ಹಚ್ಚದಿದ್ದರೆ ಅಂಟು ಒಣಗಿ ಗಟ್ಟಿಯಾಗುತ್ತದೆ, ಆದರೆ ಕಚ್ಚಿಕೊಳ್ಳುವುದಿಲ್ಲ. ಉಗುರಿನಿಂದ ಅಂಚನ್ನು ಎತ್ತಿದರೆ ಇಡಿಯಾಗಿ ಕಳಚಿ ಬರುತ್ತದೆ.

ಅಡುಗೆ ಸೋಡಾದ ಉಪಾಯ ಜನಪ್ರಿಯವಾಗಿರುವುದು ಅದು ತಕ್ಷಣ ಕಲ್ಲಿನಷ್ಟು ಗಟ್ಟಿಯಾಗುವುದರಿಂದ. ಒಡೆದ ಆಟಿಕೆಗೆ ಅದು ಆಗಬಹುದು. ಬಂಪರಿಗೆ ಬೇಕಾದದ್ದು ಗಡಸುತನವಲ್ಲ, ಬಾಗುವ ಗುಣ. ಬಿಸಿಲಿಗೆ ಹಿಗ್ಗಿ, ರಾತ್ರಿ ಕುಗ್ಗಿ, ರಸ್ತೆಯ ಉಬ್ಬುಗಳಲ್ಲಿ ನಡುಗುವ ಹಾಳೆಯ ನಡುವೆ ಬಾಗದ ಒಂದು ಗೆರೆಯನ್ನು ಕೂರಿಸಿದರೆ, ಒತ್ತಡವೆಲ್ಲ ಆ ಗೆರೆಯ ಅಂಚಿಗೆ ಬಂದು ಸೇರುತ್ತದೆ. ನಮ್ಮ ಬಿರುಕು ಉದ್ದವಾದದ್ದು ಹೀಗೆ. ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದು ತಡೆಯುವ ಕೆಲಸವನ್ನೂ ಯಾರೂ ಮಾಡಿರಲಿಲ್ಲ.

ಅಸಿಟೋನಿನಲ್ಲಿ ಪ್ಲಾಸ್ಟಿಕ್ ಚೂರುಗಳನ್ನು ಕರಗಿಸಿ ಗಂಜಿಯಂತೆ ಮಾಡಿ ಬಳಿಯುವ ವಿಡಿಯೊಗಳನ್ನು ನೀವು ನೋಡಿರಬಹುದು. ಅವು ಸುಳ್ಳಲ್ಲ, ಆದರೆ ಎಬಿಎಸ್‌ನಂಥ, ಅಸಿಟೋನಿನಲ್ಲಿ ಕರಗುವ ಪ್ಲಾಸ್ಟಿಕ್ಕುಗಳಿಗೆ ಮಾತ್ರ ಅನ್ವಯಿಸುತ್ತವೆ. ಹಲವು ಕಾರುಗಳ ಮುಂದಿನ ಗ್ರಿಲ್, ಕನ್ನಡಿಯ ಕವಚ ಎಬಿಎಸ್‌ನವು. ಬಂಪರ್ ಹೊದಿಕೆ ಸಾಮಾನ್ಯವಾಗಿ ಅಲ್ಲ, ಮತ್ತು ಪಾಲಿಪ್ರೊಪಿಲೀನ್ ಅಸಿಟೋನಿನಲ್ಲಿ ಕರಗುವುದಿಲ್ಲ. ಇನ್ನು ಕೆಲವರು ಚೂರನ್ನು ನೀರಿಗೆ ಹಾಕಿ, ತೇಲಿದರೆ ಪಾಲಿಪ್ರೊಪಿಲೀನ್, ಮುಳುಗಿದರೆ ಎಬಿಎಸ್ ಎಂದು ತೀರ್ಮಾನಿಸುತ್ತಾರೆ. ಶುದ್ಧ ಪಾಲಿಪ್ರೊಪಿಲೀನಿನ ಸಾಂದ್ರತೆ ಸುಮಾರು 0.9 (ನೀರಿನದು 1) ಆಗಿರುವುದರಿಂದ ಅದು ತೇಲುವುದು ಸರಿಯೇ. ಆದರೆ ಟಾಲ್ಕ್ ಸೇರಿದಾಗ ಸಾಂದ್ರತೆ 1ರ ಆಸುಪಾಸಿಗೆ ಏರಿ, ಪಾಲಿಪ್ರೊಪಿಲೀನಿನದೇ ಚೂರು ಮುಳುಗಿಬಿಡಬಹುದು. ನಂಬಬೇಕಾದದ್ದು ಒಳಮೈಯ ಗುರುತನ್ನು ಮಾತ್ರ, ಮತ್ತು ಅದನ್ನು ಓದಬೇಕಾದರೆ ಬಂಪರ್ ಬಿಚ್ಚಲೇಬೇಕು.

ಪಿನ್ನುಗಳ ಕಥೆ ಇನ್ನೂ ಕೆಟ್ಟದ್ದು. ಬಂಪರಿನ ಹಾಳೆಯ ದಪ್ಪ ಸಾಮಾನ್ಯವಾಗಿ ಮೂರು ಮಿಲಿಮೀಟರಿನ ಆಸುಪಾಸು. ಬಿಸಿ ಪಿನ್ನನ್ನು ಒಳಮೈಯಿಂದ, ದಪ್ಪದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಆಳಕ್ಕೆ ಇಳಿಸಿ, ಅದರ ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ಕನ್ನು ಕರಗಿಸಿ ಮುಚ್ಚಿದರೆ ಅದು ನಿಲ್ಲುತ್ತದೆ. ಹೊರಗಿನಿಂದ, ಹಿಂದೆ ಏನಿದೆ ಎಂದು ಕಾಣದೆ ಇಳಿಸಿದಾಗ ಆದದ್ದೇನು ಎಂದರೆ, ಕೆಲವು ಪಿನ್ನುಗಳು ಆಚೆ ಬದಿಗೆ ದಾಟಿ, ಅಲ್ಲಿ ಹಾದುಹೋಗಿದ್ದ ಪಾರ್ಕಿಂಗ್ ಸೆನ್ಸರಿನ ವೈರಿನ ಹೊದಿಕೆಯನ್ನು ಸುಟ್ಟಿದ್ದವು. ಸೆನ್ಸರ್ ಕೂಗುತ್ತಿದ್ದುದಕ್ಕೆ ಕಾರಣ ಇದು. ಸೆನ್ಸರಿನ ಮುಖದ ಮೇಲೂ ಬಣ್ಣ ದಪ್ಪವಾಗಿ ಕೂತಿತ್ತು. ಅದು ಶ್ರವಣಾತೀತ ಧ್ವನಿಯನ್ನು ಹೊರಡಿಸಲು ಕಂಪಿಸಬೇಕಾದ ತೆಳು ಪೊರೆ, ಅದರ ಮೇಲೆ ಪದರಗಟ್ಟಲೆ ಬಣ್ಣ ಬಳಿಯುವಂತಿಲ್ಲ.

ಇಷ್ಟೆಲ್ಲ ಆದರೂ ಗ್ಯಾರೇಜಿನವರು ತಲೆ ಅಲ್ಲಾಡಿಸಿದ್ದು ಬೇರೆಯದನ್ನು ನೋಡಿ. ನಾವು ಬಂಪರ್ ಎಂದು ಕರೆಯುವ ಬಣ್ಣದ ಹಾಳೆ ಕೇವಲ ಹೊದಿಕೆ. ಪೆಟ್ಟನ್ನು ತಾಳಿಕೊಳ್ಳುವುದು ಅದರ ಹಿಂದಿರುವ ಫೋಮಿನ ದಿಮ್ಮಿ ಮತ್ತು ಅದರ ಹಿಂದಿನ ಲೋಹದ ಅಡ್ಡಪಟ್ಟಿ. ಹೊದಿಕೆ ಬಾಗಿ ಹಿಂದಕ್ಕೆ ಬರುತ್ತದೆ, ಫೋಮು ಮಾತ್ರ ಜಜ್ಜಿಹೋಗಿ ಹಾಗೆಯೇ ಉಳಿದಿರಬಹುದು. ನಮ್ಮದರಲ್ಲಿ ಎಡಭಾಗದ ಫೋಮು ಒಡೆದಿತ್ತು. ಬಂಪರಿನ ಪಕ್ಕದ ಅಂಚನ್ನು ಕಾರಿನ ಮೈಗೆ ಹಿಡಿದಿಡುವ ಪ್ಲಾಸ್ಟಿಕ್ ಬ್ರಾಕೆಟ್ ತುಂಡಾಗಿತ್ತು. ಬಿರುಕಿನ ಒಂದು ತುಟಿ ಮುಂದಕ್ಕೆ ಚಾಚಿದ್ದು ಆ ಹಿಡಿತ ತಪ್ಪಿದ್ದರಿಂದಲೇ. ಅದನ್ನು ಬದಲಿಸದೆ ಎಷ್ಟೇ ಒಳ್ಳೆಯ ಅಂಟು ಹಾಕಿದರೂ, ಎಷ್ಟೇ ಚೆನ್ನಾಗಿ ಬೆಸೆದರೂ, ಹಾಳೆ ಆ ಗೆರೆಯನ್ನು ಸದಾ ಎಳೆಯುತ್ತಲೇ ಇರುತ್ತಿತ್ತು. ಹಾಗಾಗಿ ಬಿರುಕಿನ ತುಟಿಗಳು ತಾವಾಗಿಯೇ ಒಂದಕ್ಕೊಂದು ಕೂಡದೆ, ಕೈಯಿಂದ ಒತ್ತಿ ಹಿಡಿಯಬೇಕಾಗಿ ಬಂದರೆ, ತೊಂದರೆ ಹಾಳೆಯದ್ದಲ್ಲ ಎಂದು ತಿಳಿಯಿರಿ. ಇನ್ನೊಂದು ಸಂಗತಿಯನ್ನು ನಾನು ಅಂದೇ ಮೊದಲು ನೋಡಿದೆ: ಅನೇಕ ಕಾರುಗಳಲ್ಲಿ ಹಿಂಬಂಪರಿನ ಮೂಲೆಯ ಒಳಗೆ, ಕಾರಿನೊಳಗಿನ ಗಾಳಿ ಹೊರಹೋಗಲು ರಬ್ಬರಿನ ಪರದೆಗಳುಳ್ಳ ಕಿಂಡಿ ಇರುತ್ತದೆ. ಆಟೊ ತಗುಲಿದ ಪೆಟ್ಟಿನಿಂದ ಅದು ಸರಿದಿತ್ತು. ಕಾರಿನ ಹಿಂದೆ ಸಾಮಾನಿಡುವ ಡಿಕ್ಕಿಯಲ್ಲಿ ಧೂಳು ಯಾಕೆ ತುಂಬುತ್ತಿದೆ ಎಂಬುದಕ್ಕೆ ಉತ್ತರ ಅಲ್ಲಿತ್ತು. ಆ ದಾರಿಯಲ್ಲಿ ಧೂಳು ಬರುವುದಾದರೆ ಸೈಲೆನ್ಸರಿನ ಹೊಗೆಯೂ ಬರಬಹುದು.

ಹೊಸ ಕಾರುಗಳವರಿಗೆ ವಿಶೇಷ ಎಚ್ಚರಿಕೆ ಬೇಕು. ಪಕ್ಕದ ಕುರುಡು ಜಾಗದಲ್ಲಿ ಬರುವ ವಾಹನವನ್ನು ತಿಳಿಸುವ ರೇಡಾರ್‌ಗಳು ಹಿಂಬಂಪರಿನ ಮೂಲೆಗಳ ಹಿಂದೆಯೇ ಅಡಗಿರುತ್ತವೆ. ಇಂಥ ರೇಡಾರ್‌ಗಳಲ್ಲಿ ಹಲವು ಬಳಸುವ 77 ಗಿಗಾಹರ್ಟ್ಸ್‌ನ ತರಂಗದ ಉದ್ದ ಸುಮಾರು ನಾಲ್ಕು ಮಿಲಿಮೀಟರ್. ಅದರ ದಾರಿಯಲ್ಲಿ ಒಂದೆರಡು ಮಿಲಿಮೀಟರ್ ಪುಟ್ಟಿಯಾಗಲಿ, ಲೋಹದ ಪಿನ್ನಾಗಲಿ ಇರುವುದು ಸಣ್ಣ ವಿಷಯವಲ್ಲ. ರೇಡಾರಿನ ಮುಂದಿನ ಭಾಗದಲ್ಲಿ ದುರಸ್ತಿಯೇ ಕೂಡದು, ಹೊದಿಕೆ ಬದಲಿಸಿ ಎಂದು ಹಲವು ತಯಾರಕರು ಹೇಳುವುದು ಇದಕ್ಕೇ.

ಹೊಗೆಯ ವಿಚಾರವನ್ನೂ ಹೇಳದೆ ಬಿಡಲಾರೆ. ತ್ವರಿತ ಅಂಟಿನ ಆವಿ ಕಣ್ಣು ಮೂಗುಗಳನ್ನು ಉರಿಸುತ್ತದೆ. ಹತ್ತಿ ಬಟ್ಟೆಗೆ ಆ ಅಂಟು ಧಾರಾಳವಾಗಿ ಚೆಲ್ಲಿದರೆ ಅದು ಚರ್ಮ ಸುಡುವಷ್ಟು ಬಿಸಿಯಾಗುತ್ತದೆ, ಆದ್ದರಿಂದ ಅದನ್ನು ಹತ್ತಿಯಿಂದ ಒರೆಸಬಾರದು, ಹತ್ತಿಯ ಕೈಗವಸು ಹಾಕಿ ಮುಟ್ಟಬಾರದು. ಪಾಲಿಪ್ರೊಪಿಲೀನ್ 165 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕರಗುತ್ತದೆ. ಕರಗುವುದು ಬೇರೆ, ಸುಡುವುದು ಬೇರೆ. ಹೊಗೆ ಬರುವಷ್ಟು ಕಾಯಿಸಿದರೆ ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ಗಳಂಥ ವಿಷಾನಿಲಗಳು ಏಳುತ್ತವೆ, ಮೇಲಿನ ಪಾಲಿಯುರೆಥೇನ್ ಬಣ್ಣ ಕಾದರೆ ಐಸೊಸಯನೇಟುಗಳು ಸೇರಿಕೊಳ್ಳುತ್ತವೆ. ಗಟ್ಟಿಕಾರಕ ಬೆರೆಸುವ ಎರಡು ಭಾಗದ ಕ್ಲಿಯರ್ ಕೋಟ್‌ನಲ್ಲಿಯೂ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಪದರ) ಇರುವುದು ಇದೇ ಐಸೊಸಯನೇಟ್, ಒಮ್ಮೆ ಶ್ವಾಸಕೋಶಕ್ಕೆ ಒಗ್ಗದಂತಾದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಆಸ್ತಮಾ ತರಬಲ್ಲದು. ಧೂಳಿನ ಮಾಸ್ಕಿನಿಂದ ಇದನ್ನು ತಡೆಯಲಾಗದು. ನಮ್ಮಲ್ಲಿ ಈ ಕೆಲಸ ಗಾಳಿಯಾಡದ ನೆಲಮಾಳಿಗೆಯಲ್ಲಿ, ಲಿಫ್ಟಿನ ಬಾಗಿಲ ಪಕ್ಕದಲ್ಲಿ ನಡೆಯಿತು. ತಿನ್ನರ್ ಡಬ್ಬಿ ತೆರೆದೇ ಇತ್ತು, ಕೆಂಪಗೆ ಕಾದ ಪಿನ್ನಿಗೂ ಅದಕ್ಕೂ ಒಂದು ಮಾರು ದೂರವಿರಲಿಲ್ಲ.

ಹಾಗಾದರೆ ಮನೆಯಲ್ಲಿ ಏನನ್ನೂ ಮಾಡಲೇಬಾರದೇ ಎಂದರೆ, ಹಾಗೇನಿಲ್ಲ. ಬ್ರಾಕೆಟ್, ಸೆನ್ಸರ್, ರೇಡಾರ್ ಯಾವುದರ ಹತ್ತಿರವೂ ಇಲ್ಲದ ಸಣ್ಣ ಬಿರುಕನ್ನು, ಬಂಪರ್ ಬಿಚ್ಚಿ, ಗುರುತು ಓದಿ, ಕೈ ಪಳಗಿದವರು ಬೆಸೆಯಬಹುದು. ಮೊದಲು ಸಾಬೂನು ನೀರಿನಿಂದ ತೊಳೆದು ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು, ಇಲ್ಲವಾದರೆ ಪಾಲಿಶಿನ ಜಿಡ್ಡು ಬೆಸುಗೆಯೊಳಗೆ ಸೇರುತ್ತದೆ. ಬಿರುಕಿನ ತುದಿಗೆ ಎರಡು ಮೂರು ಮಿಲಿಮೀಟರಿನ ರಂಧ್ರ ಕೊರೆದು, ಒಳಮೈಯಲ್ಲಿ ಬಿರುಕಿನುದ್ದಕ್ಕೂ ಇಳಿಜಾರು ಕಾಲುವೆ ತೆಗೆದು, ಅದೇ ಪ್ಲಾಸ್ಟಿಕ್ಕಿನ ಕಡ್ಡಿಯನ್ನೂ ಹಾಳೆಯನ್ನೂ ಒಟ್ಟಿಗೆ ಕರಗಿಸಿ ಕೂಡಿಸಬೇಕು. ಕಡ್ಡಿ ಮಾತ್ರ ಕರಗಿ ಹಾಳೆ ಕರಗದಿದ್ದರೆ ಅದು ಬೆಸುಗೆಯಲ್ಲ, ಮೇಲೆ ಮೆತ್ತಿದ್ದು ಅಷ್ಟೇ. ಬಣ್ಣಕ್ಕೆ ಮುಂಚೆ ಪಾಲಿಪ್ರೊಪಿಲೀನಿನ ಪ್ರೈಮರಿನ ತೆಳು ಪದರ ಬೇಕು, ಪುಟ್ಟಿ ಬೇಕಾದರೆ ಪ್ಲಾಸ್ಟಿಕ್ಕಿಗೆಂದು ಮಾಡಿದ, ಬಾಗುವ ಬಗೆಯದ್ದೇ ಆಗಬೇಕು. ಗುಜರಿಯಿಂದ ಒಂದು ಹಳೆಯ ಬಂಪರಿನ ತುಂಡು ತಂದು ಅದರ ಮೇಲೆ ಅಭ್ಯಾಸ ಮಾಡಿದ ನಂತರವೇ ನಿಮ್ಮದಕ್ಕೆ ಕೈ ಹಾಕಿ.

ಕೊನೆಯದಾಗಿ ವಿಮೆ. ವಿಮಾ ಕಂಪನಿ ಕೊಡುವ ಹಣದಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಡಿಯುತ್ತಾರೆ, ಅದರ ಮೇಲೆ 1,500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ದೊಡ್ಡದಕ್ಕೆ 2,000 ರೂಪಾಯಿ ಕಡ್ಡಾಯ ಕಡಿತವಿದೆ, ಕ್ಲೇಮ್ ಇಲ್ಲದ ವರ್ಷಗಳ ರಿಯಾಯಿತಿಯೂ ಹೋಗುತ್ತದೆ. ಶೂನ್ಯ ಸವಕಳಿಯ ಹೆಚ್ಚುವರಿ ರಕ್ಷಣೆ ಇಲ್ಲದವರು ಈ ಲೆಕ್ಕ ಹಾಕಿಯೇ ಅಂಟಿನ ಕಡೆಗೆ ವಾಲುತ್ತಾರೆ, ಹೊದಿಕೆಯೊಂದೇ ಹೋಗಿದ್ದರೆ ಆ ಲೆಕ್ಕ ತಪ್ಪೂ ಅಲ್ಲ. ಆದರೆ ಒಳಗಿನ ಫೋಮು, ಬ್ರಾಕೆಟ್, ವೈರಿಂಗ್ ಸೇರಿದಾಗ ಮೊತ್ತ ಬೇರೆಯೇ ಆಗುತ್ತದೆ, ಮತ್ತು ಅದು ಗೊತ್ತಾಗುವ ಹೊತ್ತಿಗೆ ದಾರಿ ಮುಚ್ಚಿರುತ್ತದೆ. ಹಾನಿಯನ್ನು ಪರಿಶೀಲಿಸಿದ ವಿಮಾ ಸರ್ವೇಯರ್ ಅಂಟಿನ ಗುರುತುಗಳನ್ನೂ ಪಿನ್ನುಗಳನ್ನೂ ನೋಡಿ, ಇದು ಹಳೆಯ ಹಾನಿ, ಮೊದಲೇ ಕೆದಕಿದ್ದಾರೆ ಎಂದು ಬರೆದರು. ಸುಟ್ಟ ವೈರು ಅಪಘಾತದಿಂದ ಆದದ್ದಲ್ಲವೆಂಬುದಂತೂ ಸ್ಪಷ್ಟವಾಗಿಯೇ ಇತ್ತು. ಪೂರ್ತಿ ಖರ್ಚು ನಮ್ಮ ಮೇಲೆಯೇ ಬಿತ್ತು. ಆದ್ದರಿಂದ ಯಾರೂ ಕೈ ಹಾಕುವ ಮೊದಲು ನಂಬರ್ ಪ್ಲೇಟ್ ಕಾಣುವಂತೆ ಫೋಟೊ ತೆಗೆದು, ವಿಮಾ ಕಂಪನಿಗೆ ವಿಷಯ ತಿಳಿಸಿ, ಬಂಪರ್ ಬಿಚ್ಚಿಸಿ ಅಂದಾಜು ಪಟ್ಟಿ ಪಡೆಯಿರಿ. ಕ್ಲೇಮ್ ಮಾಡುವುದೋ ಬೇಡವೋ ಎಂಬುದನ್ನು ಆಮೇಲೆ ತೀರ್ಮಾನಿಸಬಹುದು. ಮನೆಗೆ ಬಂದು ಕೆಲಸ ಮಾಡಿದವರನ್ನು ಕೇಳಿದಾಗ ಅವರು ತಮ್ಮ ರಸೀದಿಯ ಹಿಂಬದಿಯನ್ನು ತೋರಿಸಿದರು. ಅಲ್ಲಿ ಬಣ್ಣ ಮಾಸದಿರುವುದಕ್ಕೆ ಮಾತ್ರ ಖಾತರಿ ಇತ್ತು, ಬಿರುಕಿನ ಪ್ರಸ್ತಾಪವೇ ಇರಲಿಲ್ಲ.