ಸಾರಿನಲ್ಲಿ ಬೆರೆಸಿ ಕುಡಿತ ಬಿಡಿಸುವ ಪುಡಿ: ದಯವಿಟ್ಟು ಕೊಳ್ಳಬೇಡಿ

ಪೂರ್ತಿ ಓದುವ ವ್ಯವಧಾನ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ: "ಕುಡಿಯುವವರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಕೊಡಿ" ಎಂದು ಮಾರುವ ಪುಡಿಯನ್ನು ಕೊಳ್ಳಬೇಡಿ. ನಾನು ಕೊಂಡೆ. 6,800 ರೂಪಾಯಿ ಕೊಟ್ಟು ಕೊಂಡೆ. ಹದಿನೆಂಟು ವರ್ಷ ಶಾಲೆಯಲ್ಲಿ ವಿಜ್ಞಾನ ಪಾಠ ಹೇಳಿದವಳು ನಾನು. ಬರೆಯುವಾಗಲೂ ಮುಖ ಬಿಸಿಯಾಗುತ್ತಿದೆ.

ತಮ್ಮ ಕುಡಿಯುತ್ತಾನೆ. ಎಷ್ಟು, ಯಾವಾಗಿನಿಂದ ಎಂಬುದೆಲ್ಲ ಬೇಡ. ಮನೆಯಲ್ಲಿ ಇದನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅವನು ಏಳದ ದಿನ ಅವನ ಗ್ಯಾರೇಜಿನ ಮಾಲೀಕರಿಗೆ ಫೋನ್ ಮಾಡಿ "ಜ್ವರ" ಎನ್ನುತ್ತಿದ್ದವಳು ನಾನೇ. ಬಾರಿನ ಸಾಲ ತೀರಿಸಿದವಳು ನಾನೇ, ಅದೂ ಎರಡು ಸಲ, ಒಮ್ಮೆ ಚೀಟಿ ಎತ್ತಿ. ಗಂಡನಿಗೆ ಗೊತ್ತಿಲ್ಲ. ಈಗ ಗೊತ್ತಾಗಲಿ.

ಬಸ್ ನಿಲ್ದಾಣದ ಕಂಬದ ಮೇಲೆ ಹಳದಿ ಚೀಟಿ ಇತ್ತು. "ಕುಡಿತ ಬಿಡಿಸಿ, ರಹಸ್ಯವಾಗಿ, 21 ದಿನದಲ್ಲಿ." ಫೋನ್ ಮಾಡಿದೆ. ಎಷ್ಟು ಮೃದುವಾದ ಮಾತು ಆ ಮನುಷ್ಯನದು! ಬೆಲೆಯ ಸುದ್ದಿಯನ್ನೇ ಎತ್ತದೆ ಅರ್ಧ ಗಂಟೆ ನನ್ನ ಗೋಳು ಕೇಳಿದ. ನಮ್ಮ ಬಂಧುಗಳಲ್ಲಿ ಒಬ್ಬರೂ ಅಷ್ಟು ಹೊತ್ತು ಕೇಳಿಲ್ಲ. ಆಮೇಲೆ ಹೇಳಿದ: "ಮೇಡಂ, ನೀವು ಅವರಿಗೆ ತಾಯಿಯ ಹಾಗೆ. ಹೇಳಿದರೆ ಅವರು ಒಪ್ಪುತ್ತಾರೆಯೇ? ಹೇಳಲೇಬೇಡಿ. ಶುದ್ಧ ಗಿಡಮೂಲಿಕೆ, ಅಡ್ಡಪರಿಣಾಮ ಸೊನ್ನೆ."

ಹೇಳಲೇಬೇಡಿ. ಅಲ್ಲೇ ನಾನು ಬಿದ್ದದ್ದು. ಅವನ ಜೊತೆ ಕೂತು ಮಾತನಾಡುವ ಕಷ್ಟ ತಪ್ಪಿತಲ್ಲ ಎಂದು ಖುಷಿಯಾಯಿತು.

ಕೊರಿಯರ್‌ನಲ್ಲಿ ಇಪ್ಪತ್ತೊಂದು ಪೊಟ್ಟಣ ಬಂದವು. ತಯಾರಕರ ಹೆಸರಿಲ್ಲ, ಒಳಗೇನಿದೆ ಎಂಬ ಪಟ್ಟಿ ಇಲ್ಲ, ತಾರೀಖಿಲ್ಲ. ಬಿಸ್ಕತ್ತಿನ ಪೊಟ್ಟಣದ ಮೇಲೂ ಏನು ಬರೆದಿದೆ ಎಂದು ಓದಿ ತಿನ್ನಿ ಎಂದು ಮಕ್ಕಳಿಗೆ ಹೇಳುವವಳು ನಾನು! ದಿನಕ್ಕೊಂದರಂತೆ ಅವನ ತಟ್ಟೆಯ ಸಾರಿಗೆ ಕಲಸಿದೆ. ಹುಳಿಯಲ್ಲಿ ರುಚಿ ಗೊತ್ತಾಗುವುದಿಲ್ಲ ಎಂದು ಆ ಮಾರುವವನೇ ಹೇಳಿಕೊಟ್ಟಿದ್ದ.

ಆರನೆಯ ರಾತ್ರಿ ತಮ್ಮ ಕುಡಿದು ಬಂದ. ಹತ್ತು ನಿಮಿಷದಲ್ಲಿ ಮುಖ, ಕುತ್ತಿಗೆ ಇಟ್ಟಿಗೆಯಂತೆ ಕೆಂಪಾದವು. ವಾಂತಿ, ಮತ್ತೆ ವಾಂತಿ. "ಅಕ್ಕಾ, ಎದೆ ಒಡೆದುಹೋಗುತ್ತಿದೆ" ಎಂದು ನನ್ನ ಕೈ ಎಳೆದು ಎದೆಯ ಮೇಲಿಟ್ಟುಕೊಂಡ. ಒಳಗೆ ಯಾರೋ ಬಾಗಿಲು ಬಡಿದಂತೆ ಇತ್ತು. ಆಟೋದಲ್ಲಿ ಹೋಗುವಾಗಲೇ ಆ ಮನುಷ್ಯನಿಗೆ ಸಂದೇಶ ಕಳಿಸಿದೆ. ಉತ್ತರ ತಕ್ಷಣ ಬಂತು, ಕೈಮುಗಿಯುವ ಚಿತ್ರದ ಸಮೇತ: "ಶುಭ ಸೂಚನೆ ಮೇಡಂ. ಔಷಧ ಕೆಲಸ ಶುರುಮಾಡಿದೆ. ದಯವಿಟ್ಟು ನಿಲ್ಲಿಸಬೇಡಿ."

ಶುಭ ಸೂಚನೆ! ತಮ್ಮ ನನ್ನ ತೊಡೆಯ ಮೇಲೆ ತಲೆಯಿಟ್ಟು ಒದ್ದಾಡುತ್ತಿದ್ದಾನೆ, ಇವನಿಗೆ ಶುಭ ಸೂಚನೆ.

ಆಸ್ಪತ್ರೆಯಲ್ಲಿ ವೈದ್ಯೆ ಏನು ತಿಂದ, ಏನು ಕುಡಿದ ಎಂದು ಮೂರು ಸಲ ಕೇಳಿದರು. ಎರಡು ಸಲ "ಗೊತ್ತಿಲ್ಲ" ಎಂದೆ. ಅವನ ರಕ್ತದೊತ್ತಡ ಕುಸಿಯುತ್ತಿತ್ತು, ನಾನು ಮರ್ಯಾದೆಯ ಲೆಕ್ಕ ಹಾಕುತ್ತಿದ್ದೆ. ಈ ಭಾಗವನ್ನು ಬರೆಯಬಾರದು ಎಂದುಕೊಂಡಿದ್ದೆ. ಮೂರನೆಯ ಸಲ ಪರ್ಸಿನಿಂದ ಪೊಟ್ಟಣ ತೆಗೆದುಕೊಟ್ಟೆ.

ಪರೀಕ್ಷೆ ಮಾಡಿಸದೆ ಖಚಿತವಾಗಿ ಹೇಳಲಾಗದು, ಆದರೆ ಲಕ್ಷಣ ನೋಡಿದರೆ ಡೈಸಲ್ಫಿರಾಂ ಇದ್ದಂತಿದೆ ಎಂದರು. ಅದು ಗಿಡಮೂಲಿಕೆಯಲ್ಲ, ವೈದ್ಯರು ಚೀಟಿ ಬರೆದು ಕೊಡುವ ಹಳೆಯ ಔಷಧ. ಕುಡಿದ ಮದ್ಯವನ್ನು ಯಕೃತ್ತು ಮೊದಲು ಅಸಿಟಾಲ್ಡಿಹೈಡ್ ಎಂಬ ನಂಜಾಗಿ, ಆಮೇಲೆ ನಿರುಪದ್ರವಿ ವಸ್ತುವಾಗಿ ಒಡೆಯುತ್ತದೆ. ಈ ಔಷಧ ಎರಡನೆಯ ಹೆಜ್ಜೆಗೆ ಅಡ್ಡ ನಿಲ್ಲುತ್ತದೆ, ನಂಜು ಮೈಯಲ್ಲೇ ತುಂಬಿಕೊಳ್ಳುತ್ತದೆ. ನುಂಗುವವನಿಗೆ ಗೊತ್ತಿದ್ದರೆ ಆ ಹೆದರಿಕೆಯಿಂದಲೇ ಲೋಟ ಮುಟ್ಟುವುದಿಲ್ಲ. ಗೊತ್ತಿಲ್ಲದವನು ಎಂದಿನಂತೆ ಕುಡಿಯುತ್ತಾನೆ, ಹೃದಯ ದುರ್ಬಲವಾಗಿದ್ದರೆ ಸತ್ತೂ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅಪಾಯ ಇರುತ್ತದೆ ಎಂದು ಕೇಳಿ ಮನೆಗೆ ಬಂದ ಮೇಲೂ ನಿದ್ದೆ ಹತ್ತಲಿಲ್ಲ.

ಹಣ ಹಿಂದಿರುಗಿಸಿ ಎಂದು ಕೇಳಿದಾಗ ಬಂದ ಉತ್ತರಗಳನ್ನು ಹಾಗೆಯೇ ಬರೆಯುತ್ತೇನೆ. "ಪಥ್ಯ ಸರಿಯಾಗಿ ಮಾಡಿಲ್ಲ." ಆಮೇಲೆ, "ಎರಡನೆಯ ಹಂತದ ಔಷಧ ತೆಗೆದುಕೊಂಡರೆ ಸರಿಹೋಗುತ್ತದೆ, ನಿಮಗಾಗಿ 9,500." ಪೊಲೀಸರಿಗೆ ಹೇಳುತ್ತೇನೆ ಎಂದೆ. "ಹೇಳಿ ಮೇಡಂ. ಊಟಕ್ಕೆ ಬೆರೆಸಿದ್ದು ನಾನೇ?"

ಅದಾದ ಮೇಲೆ ಫೋನಿನಲ್ಲಿ ಅವನ ಭಾವಚಿತ್ರ ಮಾಯವಾಯಿತು, ನನ್ನನ್ನು ಬ್ಲಾಕ್ ಮಾಡಿರಬೇಕು. ಆ ಕೊನೆಯ ಸಾಲು ಮಾತ್ರ ಹೋಗುತ್ತಿಲ್ಲ. ಬೆರೆಸಿದ್ದು ನಾನೇ.

ತಮ್ಮನಿಗೆ ನಾನೇ ಹೇಳಿದೆ. ಅವನು ಬೈಯಲಿಲ್ಲ, ಅದೇ ಕಷ್ಟ. ಈಗ ನಾನು ಬಡಿಸಿದ್ದನ್ನು ಮುಟ್ಟುವುದಿಲ್ಲ. ತಾನೇ ತಟ್ಟೆ ತೊಳೆದುಕೊಂಡು ಬಂದು, ಪಾತ್ರೆಯ ತಳದಿಂದ ಬಡಿಸಿಕೊಂಡು, ಮೊದಲ ತುತ್ತನ್ನು ಮೂಸಿ ತಿನ್ನುತ್ತಾನೆ. ಕುಡಿದ ದಿನ ಮಾತ್ರ ಬೀದಿಗೆಲ್ಲ ಕೇಳುವಂತೆ "ನನ್ನ ಅಕ್ಕ ವಿಷ ಹಾಕಿದವಳು" ಎನ್ನುತ್ತಾನೆ. ಕುಡಿಯಲು ಅವನಿಗೊಂದು ಒಳ್ಳೆಯ ಕಾರಣ ಸಿಕ್ಕಿತು, ಕೊಟ್ಟವಳು ನಾನು.

ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416 ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಆ ಹಳದಿ ಚೀಟಿಗೆ ಮೊದಲು ಇಲ್ಲಿಗೆ ಫೋನ್ ಮಾಡಬಹುದಿತ್ತು. ಕುಡಿಯುವವರ ಕೈಗೆ ದುಡ್ಡು ಕೊಡಬೇಡಿ, ಊಟ ಹಾಕಿ. ಮಾಲೀಕರಿಗೆ ಸುಳ್ಳು ಹೇಳುವುದನ್ನು ನಾನು ನಿಲ್ಲಿಸಿದ್ದೇನೆ. ಎರಡು ದಿನದ ಸಂಬಳ ಕತ್ತರಿಸಿದರು, ಕತ್ತರಿಸಲಿ. ಹಾಗೆಂದು ಹಠ ಹಿಡಿದು ಕೋಣೆಯಲ್ಲಿ ಕೂಡಿಹಾಕಲೂ ಹೋಗಬೇಡಿ. ದಿನವೂ ಕುಡಿಯುವವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಎರಡು ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಎಲ್ಲ ಆಗಬಹುದಂತೆ. ವೈದ್ಯರ ಬಳಿಯೇ ಬಿಡಿಸಬೇಕು, ಅವನಿಗೆ ಹೇಳಿಯೇ ಕರೆದೊಯ್ಯಬೇಕು. ನಮ್ಮವನು ಇನ್ನೂ ಒಪ್ಪಿಲ್ಲ. ವಾರಕ್ಕೊಮ್ಮೆ ಕೇಳುತ್ತೇನೆ, ಬೆಳಿಗ್ಗೆ, ಅವನು ಕುಡಿಯದಿರುವಾಗ.

ಮೊನ್ನೆ ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಅದೇ ಕಂಬ, ಅದೇ ಹಳದಿ ಚೀಟಿ, ಫೋನ್ ಸಂಖ್ಯೆ ಮಾತ್ರ ಬೇರೆ. ಜನ ನೋಡುತ್ತಿದ್ದರೂ ಉಗುರು ಹಾಕಿ ಕಿತ್ತೆ. ಅಂಟು ಗಟ್ಟಿಯಾಗಿತ್ತು, ಸಂಖ್ಯೆಯಷ್ಟು ಹರಿದು ಬಂತು. "ರಹಸ್ಯವಾಗಿ" ಎಂಬುದು ಇನ್ನೂ ಅಲ್ಲೇ ಅಂಟಿಕೊಂಡಿದೆ.