ಎರಡು ಚಾನೆಲ್‌ನ ಇಎಂಎಸ್ ಯಂತ್ರ: ಹುಬ್ಬಳ್ಳಿಯಲ್ಲಿ ಎರಡು ವರ್ಷ ಬಳಸಿದ ಮೇಲೆ

ಬೆನ್ನುಹುರಿಗೆ ಪೆಟ್ಟಾದವರ ತೊಡೆಯ ಸ್ನಾಯು ಸೊರಗದಂತೆ ಕಾಯಲು ಈ ಇಎಂಎಸ್, ಅಂದರೆ ಕರೆಂಟಿನ ಮಿಡಿತದಿಂದ ಸ್ನಾಯುವನ್ನು ಸೆಳೆಸುವ ಯಂತ್ರ, ನಿಜಕ್ಕೂ ಒಳ್ಳೆಯದು, ಐದಕ್ಕೆ ನಾಲ್ಕು ಅಂಕ. ಆದರೆ ಎಲ್ಲರಿಗೂ ಅಲ್ಲ. ಹುಬ್ಬಳ್ಳಿಯ ಸರ್ಜಿಕಲ್ ಅಂಗಡಿಗೆ ಹೋಗುವ ಮೊದಲು ಫಿಸಿಯೊಥೆರಪಿ ವಿಭಾಗಕ್ಕೆ ಹೋಗಿ ನರದ ಪರೀಕ್ಷೆ ಮಾಡಿಸಿ.

ಕಾರಣ ಇಷ್ಟೆ. ಬ್ಯಾಟರಿಯ ಯಂತ್ರ ಕೊಡುವ ಮಿಡಿತ 200ರಿಂದ 400 ಮೈಕ್ರೊಸೆಕೆಂಡ್. ಇಷ್ಟು ಸಣ್ಣ ಮಿಡಿತಕ್ಕೆ ಸ್ನಾಯು ನೇರವಾಗಿ ಓಗೊಡುವುದಿಲ್ಲ, ನರದ ಮೂಲಕವೇ ಸೆಳೆಯಬೇಕು. ಪೆಟ್ಟು ಕುತ್ತಿಗೆಗೋ ಎದೆಯ ಮೇಲ್ಭಾಗಕ್ಕೋ ಆಗಿದ್ದರೆ ಸಾಮಾನ್ಯವಾಗಿ ಕಾಲಿನ ನರ ಉಳಿದಿರುತ್ತದೆ, ತೊಡೆ ಚೆನ್ನಾಗಿ ಬಿಗಿಯುತ್ತದೆ. ಹುರಿ ಮುಗಿಯುವ ಸೊಂಟದ ಹತ್ತಿರ, ಟಿ12 (ಎದೆಯ ಕೊನೆಯ ಕಶೇರು), ಎಲ್1 (ಸೊಂಟದ ಮೊದಲ ಕಶೇರು) ಬಳಿ ಮುರಿದಿದ್ದರೆ ನರವೇ ಸತ್ತಿರಬಹುದು. ಆಗ 100 ಮಿಲಿಸೆಕೆಂಡ್ ಅಥವಾ ಅದಕ್ಕೂ ಉದ್ದದ ಮಿಡಿತ ಕೊಡುವ ಬೇರೆ ಯಂತ್ರವೇ ಬೇಕು. ಈ ಬ್ಯಾಟರಿ ಯಂತ್ರದ ಕರೆಂಟನ್ನು ಎಷ್ಟು ಏರಿಸಿದರೂ ಚರ್ಮ ಸುಡುತ್ತದೆ, ಸ್ನಾಯು ಅಲುಗುವುದಿಲ್ಲ. ಒಂದೇ ಕಾಲಿನಲ್ಲಿ ತೊಡೆ ಓಗೊಟ್ಟು ಮೀನಖಂಡ ಸುಮ್ಮನಿರುವುದೂ ಉಂಟು, ಹಾಗಾಗಿ ಪ್ರತಿ ಸ್ನಾಯುವನ್ನೂ ಬೇರೆಬೇರೆ ನೋಡಿಸಿ. ಪೆಟ್ಟಾಗಿ ಮೂರು ವಾರ ಕಳೆದಿರಲಿ. ಕಡಿದ ನರದ ಕೆಳತುಂಡು ಮೊದಲ ಕೆಲವು ದಿನ ಸರಿಯಾಗಿಯೇ ಓಗೊಡುತ್ತದೆ, ಆಗ ಬಂದ ಫಲಿತಾಂಶ ನಂಬುವಂಥದ್ದಲ್ಲ. ಕ್ರೊನಾಕ್ಸಿ (ಸ್ನಾಯು ಅಲುಗಲು ಬೇಕಾದ ಕನಿಷ್ಠ ಕರೆಂಟಿನ ಎರಡರಷ್ಟು ಕೊಟ್ಟಾಗ ಸಾಕಾಗುವ ಮಿಡಿತದ ಉದ್ದ) 1 ಮಿಲಿಸೆಕೆಂಡಿಗಿಂತ ಕಡಿಮೆ ಬಂದರೆ ನರ ಇದೆ ಎಂದು ತಿಳಿಯಿರಿ.

ಅಂಗಡಿಯವರು ಟೆನ್ಸ್ ಯಂತ್ರ ತೋರಿಸಿ "ಎರಡೂ ಒಂದೇ" ಎಂದರೆ ಒಪ್ಪಬೇಡಿ. ಅದು ನೋವಿಗೆ. ನಿಮಗೆ ಬೇಕಾದ್ದು ಸೆಳೆತದ ಹೊತ್ತು, ಬಿಡುವಿನ ಹೊತ್ತು, ನಿಧಾನಕ್ಕೆ ಏರುವ ರ‍್ಯಾಂಪ್, ಮೂರನ್ನೂ ಬೇರೆಬೇರೆ ಹೊಂದಿಸಲು ಬರುವ ಯಂತ್ರ.

ತೊಡೆಗೆ ನಾವು ಇಟ್ಟುಕೊಂಡ ಅಳತೆ: 35 ಹರ್ಟ್ಸ್ (ಸೆಕೆಂಡಿಗೆ 35 ಮಿಡಿತ), 300 ಮೈಕ್ರೊಸೆಕೆಂಡ್, ರ‍್ಯಾಂಪ್ 2 ಸೆಕೆಂಡ್, ಸೆಳೆತ 5, ಬಿಡುವು 15. 5×9 ಸೆಂ.ಮೀ. ಪ್ಯಾಡ್ ಒಂದು ತೊಡೆಯ ಮೇಲ್ಭಾಗದ ಹೊರಮಗ್ಗುಲಿಗೆ, ಇನ್ನೊಂದು ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಮೇಲೆ ಒಳಮಗ್ಗುಲಿಗೆ. ಮಂಡಿಯ ಕೆಳಗೆ ಸುತ್ತಿದ ಟವೆಲ್. ಮೊದಲ ವಾರ 10 ನಿಮಿಷ ಸಾಕು. ಕರೆಂಟಿನಿಂದ ಸೆಳೆದ ಸ್ನಾಯು ಬೇಗ ದಣಿಯುತ್ತದೆ, ಹರ್ಟ್ಸ್ ಹೆಚ್ಚಿಸಿದಷ್ಟೂ ಇನ್ನೂ ಬೇಗ. ವರ್ಷಗಟ್ಟಲೆ ಹಾಸಿಗೆ ಹಿಡಿದವರ ಮೂಳೆ ಟೊಳ್ಳಾಗಿರುತ್ತದೆ. ಪಾದಕ್ಕೆ ಭಾರ ಕಟ್ಟಿ ಜೋರಾಗಿ ಸೆಳೆಸಿದರೆ ಮೂಳೆ ಮುರಿಯಬಹುದು, ಡಾಕ್ಟರನ್ನು ಕೇಳದೆ ಅದನ್ನು ಮಾಡಲೇಬೇಡಿ. ಪೇಸ್‌ಮೇಕರ್ ಇದ್ದವರಿಗೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರಿಗೆ ಈ ಯಂತ್ರ ಬೇಡ.

ಒಂದು ಅಂಕ ಕಳೆದದ್ದು ಪ್ಯಾಡಿಗೆ. ಮಾರ್ಚ್‌ನಿಂದ ಮೇ ತನಕ ಇಲ್ಲಿಯ ಬಿಸಿಲಿಗೆ ಜೆಲ್ ಒಣಗಿ ಅಂಚು ಏಳುತ್ತದೆ. ಅಂಟಿಕೊಂಡ ಅಷ್ಟು ಜಾಗದಲ್ಲೇ ಪೂರ್ತಿ ಕರೆಂಟು ಹರಿಯುವುದರಿಂದ ಚರ್ಮ ಸುಡುತ್ತದೆ, ಕಾಲಿಗೆ ಅರಿವಿಲ್ಲದವರಿಗೆ ಗೊತ್ತೇ ಆಗುವುದಿಲ್ಲ. ಎಣ್ಣೆ ಹಚ್ಚಿದ ಕಾಲನ್ನು ಸೋಪಿನಿಂದ ತೊಳೆದು ಒರೆಸಿ, ಕೂದಲನ್ನು ಕತ್ತರಿಯಿಂದ ಕತ್ತರಿಸಿ, ಬ್ಲೇಡ್ ಮುಟ್ಟಬೇಡಿ. ಜೆಲ್‌ಗೆ ಎರಡು ಹನಿ ನೀರು ಸವರಿ. ಮುಗಿದ ಮೇಲೆ ಪ್ಯಾಡಿನ ಜಾಗ ನೋಡಿ: ಕೆಂಪು ಅರ್ಧ ಗಂಟೆಯಲ್ಲಿ ಇಳಿಯದಿದ್ದರೆ ಮರುದಿನ ಬಿಡುವು ಕೊಡಿ.

ಪೆಟ್ಟು ಟಿ6 (ಎದೆಯ ಆರನೇ ಕಶೇರು) ಅಥವಾ ಅದಕ್ಕಿಂತ ಮೇಲಿದ್ದರೆ ಕರೆಂಟಿಗೆ ಬಿ.ಪಿ. ಒಮ್ಮೆಲೆ ಏರಬಹುದು, ಬಿ.ಪಿ. ಯಂತ್ರ ಪಕ್ಕದಲ್ಲೇ ಇರಲಿ. ತಲೆ ಸಿಡಿತ, ಮುಖ ಕೆಂಪಾಗುವುದು, ಬೆವರು ಕಂಡರೆ, ಅಥವಾ ಮೇಲಿನ ಬಿ.ಪಿ. ಅವರ ಎಂದಿನ ಅಳತೆಗಿಂತ 20 ಏರಿದರೆ ತಕ್ಷಣ ಸ್ವಿಚ್ ಆರಿಸಿ. ಎತ್ತಿ ಕೂರಿಸಿ, ಕಾಲು ಇಳಿಬಿಡಿ, ಬಿಗಿ ಬಟ್ಟೆ ಸಡಿಲಿಸಿ, ಕ್ಯಾತಿಟರ್ ಮಡಚಿದೆಯೇ ನೋಡಿ. ಇಳಿಯದಿದ್ದರೆ ಆಸ್ಪತ್ರೆಗೆ ಹೊರಡಿ, ಕಾಯಬೇಡಿ.

ಸೆಳೆತ ಕುಂದಿತೆಂದು ಮಿಲಿಆಂಪಿಯರ್ ಏರಿಸುವ ಮೊದಲು ಬ್ಯಾಟರಿ ಬದಲಿಸಿ ನೋಡಿ. ಆಗಲೂ ಬಾರದಿದ್ದರೆ ನೋಡಿಕೊಳ್ಳುವವರು ಎರಡೂ ಪ್ಯಾಡನ್ನು ತಮ್ಮ ಒಂದೇ ಮುಂಗೈಗೆ ಅಂಟಿಸಿ ಸೊನ್ನೆಯಿಂದ ಮೆಲ್ಲಗೆ ಏರಿಸಲಿ. ಜುಮ್ಮೆನ್ನದಿದ್ದರೆ ಹೆಚ್ಚಾಗಿ ವೈರ್ ಪಿನ್ನಿನ ಬುಡದಲ್ಲಿ ಒಳಗೇ ತುಂಡಾಗಿರುತ್ತದೆ. ಇನ್ನೊಂದು ಚಾನೆಲ್‌ನ ವೈರ್ ಚುಚ್ಚಿದರೆ ಖಾತ್ರಿಯಾಗುತ್ತದೆ.